ಕುಣಿಮಗ್ಗ

ಚಳ್ಳಕೆರೆಯಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೆ
ಮಾಳಿಂಗಪ್ಪನ ಮಗ್ಗ.
ಬೆಳಗಿನ ಐದಕ್ಕೇ ಹುಣಸೆಬೀಜದ ಗಂಜಿ ಕುದಿಯುವ ವಾಸನೆ
ಮೆಟ್ಟಿಲು ಹತ್ತಿ ಬಂದು ಲ್ಯಾಪ್‌ಟಾಪಿನ ಪಕ್ಕ ಕೂರುತ್ತದೆ.
ನಾನಿನ್ನೂ ಮಲಗಿರುವುದಿಲ್ಲ.

ನನ್ನದು ಪಟ್ಟಿ ಜರಡಿ ಹಿಡಿಯುವ ಕೆಲಸ.
ನೆರೆಯ ಗಿಡ್ಡ ಗೆಲಾಕ್ಸಿಯೊಂದರಲ್ಲಿ
ಎಕ್ಸ್-ರೇ ಕಣ್ಣಿಗೆ ಬಿದ್ದ ಮುನ್ನೂರ ಹನ್ನೆರಡು ಚುಕ್ಕಿ;
ಒಂದೊಂದರ ಜಾಗದಲ್ಲೂ ತಡಕಬೇಕು,
ನೀಲಿಯಾಗಿ ಉರಿಯುವ ದೊಡ್ಡ ನಕ್ಷತ್ರವಿದೆಯೇ,
ಇದ್ದರೆ ಒಂಟಿಯೋ, ಜೋಡಿಯೋ.
ಜೋಡಿಯೆಂದರೆ ಒಂದು ಬದುಕಿದ್ದು, ಇನ್ನೊಂದು ಸತ್ತದ್ದು:
ಇಲ್ಲಿಂದ ನಾಯಕನಹಟ್ಟಿ ಎಷ್ಟು ದೂರವೋ ಅಷ್ಟೇ ಅಗಲದ ಹೆಣ,
ತೂಕ ಮಾತ್ರ ಒಂದೂವರೆ ಸೂರ್ಯ.
ಇಲ್ಲವೇ ಕಪ್ಪುಕುಳಿ, ಅದರ ಅಗಲ ಕೇಳಬೇಡಿ.
ಬದುಕಿದ್ದರ ಮೈಯಿಂದ ಗಾಳಿ ಹರಿದು
ಸತ್ತದ್ದರ ಮೇಲೆ ಬೀಳುವಾಗ ಹೊತ್ತುವ ಬೆಳಕೇ
ನನ್ನ ಚುಕ್ಕಿ.

ಹೇಳುವುದು ಸಲೀಸು.
ನೂರಾ ತೊಂಬತ್ತು ಸುಮ್ಮನೆ ಉದುರಿಹೋದವು.
ಆ ಗೆಲಾಕ್ಸಿಯ ಬೆನ್ನ ಹಿಂದೆ ಇನ್ನೆಲ್ಲೋ ದೂರದ ಕ್ವೇಸಾರುಗಳು,
ಬೇರೆಯವರ ಜಗುಲಿಯಲ್ಲಿ ಕೂತು ಮನೆಯವರ ಹಾಗೆ ನಕ್ಕಿದ್ದವು.
ಕೆಲವು ನಮ್ಮದೇ ಓಣಿಯ ಕೆಂಪು ಕುಳ್ಳ ತಾರೆಗಳು,
ದಾರಿಗೆ ಅಡ್ಡ ಬಂದವು.
ನಲವತ್ತೊಂದನೆಯದನ್ನು ಎರಡು ತಿಂಗಳು ನಂಬಿದ್ದೆ.
ಅದರ ಲೆಕ್ಕದಲ್ಲಿ ಶಾಹೀನಾಗೆ ಮಂಡಕ್ಕಿ ಮಿರ್ಚಿ ಕೊಡಿಸಿಯೂ ಆಗಿತ್ತು.
ಅದೂ ಕ್ವೇಸಾರ್.

ಆ ಮಧ್ಯಾಹ್ನ ಕರೆಂಟು ಹೋಗಿ ಕೆಳಗಿಳಿದೆ.
ಮಾಳಿಂಗಪ್ಪ ಕುಣಿಯೊಳಗೆ ಕಾಲಿಳಿಬಿಟ್ಟು ಕೂತಿದ್ದ,
ಸೊಂಟದಿಂದ ಮೇಲಷ್ಟೇ ಮನುಷ್ಯ.
ಲಾಳಿ ಓಡುತ್ತಿತ್ತು. ಕರಿನೂಲಿನ ಹಾಸು
ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದು.
ಬಾಗಿಲಲ್ಲಿ ಉಣ್ಣೆ ಹಿಂಜುತ್ತಿದ್ದ ದ್ಯಾಮಕ್ಕ
"ರಾತ್ರಿಯೆಲ್ಲಾ ಏನ್ ಹುಡುಕ್ತೀಯವ್ವಾ,
ಕಳಕಂಡಿದ್ದು ಸಿಕ್ತಾ?" ಎಂದಳು.

ಜರಡಿಯಲ್ಲಿ ಉಳಿದ ಇನ್ನೂರ ಆರನೆಯದರ ಕಥೆ ಹೇಳಿದೆ.
ಕೈಯಾಡಿಸಿ ತೋರಿಸಿದೆ:
ದೊಡ್ಡದು ಒಮ್ಮೆ ನಮ್ಮ ಕಡೆ ವಾಲುತ್ತದೆ, ಒಮ್ಮೆ ಆಚೆ,
ಹದಿನೇಳು ದಿನಕ್ಕೊಂದು ಸುತ್ತು,
ಎಳೆಯುವವರು ಯಾರೆಂದು ಕಾಣುವುದಿಲ್ಲ.
ಮಾಳಿಂಗಪ್ಪ ಲಾಳಿ ನಿಲ್ಲಿಸಲಿಲ್ಲ.
"ನನ್ ಕಾಲು ಕಂಡೋರು ಯಾರವ್ರೆ?" ಅಂದ.
ಆಮೇಲೆ, "ಅದ್ರಿಂದ ತಿಂಗಳಿಗೆ ಎಷ್ಟು ಬರ್ತೈತೆ?" ಅಂತಲೂ ಕೇಳಿದ.
ಹೇಳಿದೆ.
ದ್ಯಾಮಕ್ಕ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಳು.

ಕುಣಿ ಎಂದರೆ ಮಗ್ಗದ ಗುಂಡಿ.
ಹೂಳುವ ಗುಂಡಿಗೂ ಅದೇ ಹೆಸರು.
ಕುಣಿ ಎಂದರೆ ಎದ್ದು ಕುಣಿಯಲೂಬಹುದು.
ಮೂರನ್ನೂ ಹಿಡಿಯುವ ಒಂದು ಪದ
ನಾನು ಬರೆಯುವ ಇಂಗ್ಲಿಷ್ ಪ್ರಬಂಧಕ್ಕೆ ಸಿಗಲಿಲ್ಲ;
ಅಲ್ಲಿ ಅದಕ್ಕೊಂದು ಸಂಖ್ಯೆ,
ಮುಂದೊಂದು ಪ್ರಶ್ನೆಚಿಹ್ನೆ.

ಡಿಸೆಂಬರಿನ ಒಂದು ನಡುರಾತ್ರಿ
ಶಾಹೀನಾಳ ಸ್ಕೂಟರಿನಲ್ಲಿ ಹೋಗಿ
ಕುದಾಪುರದ ಕಾವಲಿನ ಹುಲ್ಲಿನಲ್ಲಿ ನಿಂತೆವು.
ತೆಂಕಲಿಗೆ ತಿರುಗಿ, ಕೈ ಚಾಚಿ,
ಮೂರು ಬೆರಳು ಅಡ್ಡ ಹಿಡಿದೆ.
ನೆಲದಿಂದ ಅಷ್ಟೇ ಎತ್ತರ ಏರುತ್ತದೆ ಆ ಗೆಲಾಕ್ಸಿ ಇಲ್ಲಿ;
ಏರಿ, ಇಣುಕಿ, ಇಳಿದುಬಿಡುತ್ತದೆ.
ಆ ಮೂರು ಬೆರಳೊಳಗೇ ಧೂಳು,
ಗಾಳಿಯಂತ್ರಗಳ ಕೆಂಪು ದೀಪ,
ಯಾರೋ ಹಚ್ಚಿದ ಬೆಂಕಿಯ ಹೊಗೆ.
"ಕಂಡ್ತು ಕಣೇ!" ಅಂದಳು ಶಾಹೀನಾ.
ನನಗೆ ಕಂಡದ್ದು ಹೊಗೆಯೋ, ಅದೋ, ಇವತ್ತಿಗೂ ತಿಳಿಯದು.
ಹೊದ್ದಿದ್ದು ಮಾಳಿಂಗಪ್ಪನ ಕಂಬಳಿ,
ಕುತ್ತಿಗೆಗೆ ಚುಚ್ಚುತ್ತಿತ್ತು.
ಅಲ್ಲಿಂದ ಆ ಬೆಳಕು ಹೊರಟಾಗ
ಯಾವ ಕುರಿಯೂ ಯಾರ ಹಿಂಡಿಗೂ ಸೇರಿರಲಿಲ್ಲ.

ಹದಿನೇಳರಲ್ಲಿ ಹನ್ನೊಂದು ದಿನದ ಅಳತೆ ಕೈಗೆ ಬಂದಿದೆ.
ಆರು ಬಾಕಿ.
ಅಷ್ಟರಲ್ಲಿ ಉದುರಿದರೂ ಉದುರೀತು.
ಕೆಳಗೆ ಹಲಗೆಯ ಬಡಿತ ಶುರುವಾಗಿದೆ,
ಈಗ ಎಡಗಾಲು,
ಈಗ ಬಲ.